ಹೆಪ್ಪು ತಪ್ಪದ ಮನೆ

ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಅದರ ಬೆನ್ನು ಹತ್ತಿದ ಮಗಳು ಮನೆಯಲ್ಲಿದ್ದರೆ ವಾರಕ್ಕೊಂದಾದರೂ ನಗುವ ಸಂಗತಿ ನಡೆಯುತ್ತಲೇ ಇರುತ್ತದೆ. ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಹಾಗಾಗಿ ಕೆಲವು ಉಳಿದುಕೊಂಡಿವೆ.

ಮಗಳು ಪೋಸ್ಟ್‌ಡಾಕ್. ಅಂದರೆ ಪಿಎಚ್‌ಡಿ ಮುಗಿದ ಮೇಲೂ ವಿಶ್ವವಿದ್ಯಾಲಯದಲ್ಲಿ ವರ್ಷವರ್ಷಕ್ಕೆ ಮುಂದುವರಿಯುವ ಸಂಶೋಧನೆಯ ಕೆಲಸ. ಮನೆಯ ಮೊಸರಿನ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಎಷ್ಟು ಕಾಲ ಬದಲಾಗದೆ ಉಳಿಯುತ್ತದೆ ಎನ್ನುವುದು ಅವಳ ವಿಷಯ. ಅದಕ್ಕಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಮನೆ ಸುತ್ತಬೇಕಿತ್ತು. ಅವಳ ಸರ್ ಕಡ್ಡಿ ಮುರಿದಂತೆ ಹೇಳಿದ್ದರು. ಬರಹದ ದಾಖಲೆ ಇರುವ ಒಂದು ಮನೆಯಾದರೂ ಸಿಕ್ಕರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಮಾರ್ಚಿಗೆ ಮುಗಿಯಿತು.

ಅಂಥ ಮನೆ ನಮ್ಮದೇ. ನಾನು ಆ ಕಾಲದ ಬಿ.ಎಸ್‌ಸಿ. ಮದುವೆಯಾಗಿ ಮಧುಗಿರಿಗೆ ಬಂದ ವಾರದಲ್ಲೇ ಅತ್ತೆ ಹೆಪ್ಪಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಹಾಲೆಷ್ಟು, ಹೆಪ್ಪು ಹಾಕಿದ್ದು ಎಷ್ಟು ಹೊತ್ತಿಗೆ, ಮೊಸರು ಹೇಗೆ ಬಂತು, ಎಲ್ಲವೂ ನೋಟ್‌ಬುಕ್ಕಿನಲ್ಲಿದೆ. ಹೆಪ್ಪು ಒಂದು ದಿನವೂ ತಪ್ಪಿಲ್ಲ, ಹೊರಗಿನಿಂದ ತಂದಿಲ್ಲ. ಊರಿಗೆ ಹೋದ ದಿನಗಳದ್ದನ್ನು ಬಂದ ಮೇಲೆ ಯಜಮಾನರನ್ನು ಕೇಳಿ ಬರೆದಿದ್ದೇನೆ.

ಗೌಡಗೆರೆಯ ಅಜ್ಜಿ

ಮಗಳ ಜೊತೆ ನಾನೂ ಸುತ್ತುತ್ತಿದ್ದೆ. ಗೌಡಗೆರೆಯ ಒಂದು ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಅಜ್ಜಿ ಬಾಗಿಲಲ್ಲೇ ತಡೆದರು.

"ದೀಪ ಹಚ್ಚಾಯ್ತು ಕಣವ್ವ. ಇನ್ನು ಹೆಪ್ಪು ಕೊಡಾಕಿಲ್ಲ."

"ಮನೆಗಲ್ಲ ಅಜ್ಜಿ, ಲ್ಯಾಬಿಗೆ," ಅಂದಳು ಮಗಳು.

"ಎಲ್ಲಿಗಾದ್ರೇನು? ಕೇಳಿದೋರ ಕೈಗೆ ಕೊಡಾಕಿಲ್ಲ. ಉಣ್ಣಾಕೆ ಕುಂತ್ರೆ ಎಷ್ಟ್ ಬೇಕಾದ್ರೂ ಬುಡ್ತೀನಿ."

ಕುಳಿತೆವು. ಅಜ್ಜಿ ಮುದ್ದೆ ಇಟ್ಟು, ಪಕ್ಕದಲ್ಲಿ ಮೊಸರು ಬಡಿಸಿ, ಸಾರು ತರಲು ಒಳಗೆ ತಿರುಗಿದರು. ಮಗಳು ಚೀಲದಿಂದ ಪುಟ್ಟ ಸೀಸೆ ತೆಗೆದು ಮೊಸರು ತುಂಬತೊಡಗಿದಳು. ಅಷ್ಟರಲ್ಲಿ ಅಜ್ಜಿ ಬಂದೇಬಿಟ್ಟರು.

"ಇದೇನವ್ವ, ಮುದ್ದೆ ಬುಟ್ಟು ಮೊಸ್ರು ಮಾತ್ರ ತುಂಬ್ಕೋತಿದ್ದೀಯ?"

"ಆಮೇಲೆ ಬೇಕಾಗುತ್ತೆ ಅಜ್ಜಿ."

"ಹಂಗಾರೆ ಉಪ್ಪಿನಕಾಯೂ ತುಂಬ್ಕೊ. ಬರೀ ಮೊಸ್ರು ಹೆಂಗ್ ಉಣ್ತೀಯ?"

ಅವಳ ವಿಶ್ವವಿದ್ಯಾಲಯದ ಪುಸ್ತಕದಲ್ಲಿ 'ಮಾದರಿ ಸಂಗ್ರಹಿಸಿದ ಸ್ಥಳ' ಎಂಬಲ್ಲಿ ಈಗಲೂ 'ಗೌಡಗೆರೆ, ಮುದ್ದೆಯ ಎಡಗಡೆ' ಎಂದಿದೆ.

ಗೊರವನಹಳ್ಳಿ ಬಸ್ಸು

ಕೊರಟಗೆರೆ ಕಡೆ ಕೆಲಸ ಮುಗಿಸಿ ಬಸ್ಸು ಹತ್ತಿದೆವು. ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗಿಬರುವವರೆಲ್ಲ ಅದರಲ್ಲೇ ಇದ್ದರು. ಸೀಟು ಸಿಕ್ಕಿದ್ದೇ ದೊಡ್ಡದು, ಮೂವರ ಜಾಗದಲ್ಲಿ ಐದು ಜನ. ಮಗಳ ತೊಡೆಯ ಮೇಲಿದ್ದ ಐಸು ತುಂಬಿದ ಥರ್ಮಾಕೋಲ್ ಡಬ್ಬಿ ನೋಡಿ ಕಂಡಕ್ಟರು, "ಏನಮ್ಮ ಇದರಲ್ಲಿ?" ಅಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ, "ಬ್ಯಾಕ್ಟೀರಿಯಾ" ಅಂದಳು.

ಪಕ್ಕದ ಮೂವರೂ ಎದ್ದರು. ಹಿಂದಿನ ಸೀಟೂ ಖಾಲಿಯಾಯಿತು. ಕಂಡಕ್ಟರು ಟಿಕೆಟ್ಟನ್ನು ಕೈ ಉದ್ದ ಮಾಡಿ ದೂರದಿಂದಲೇ ಕೊಟ್ಟರು. ಮಕ್ಕಳನ್ನು ಎತ್ತಿಕೊಂಡವರು ನಿಂತಿರುವುದನ್ನು ನೋಡಲಾಗದೆ ನಾನು, "ಹೆದರಬೇಡಿ, ಬರೀ ಮೊಸರು," ಅಂದೆ.

ಎಲ್ಲರೂ ವಾಪಸ್ಸು ಕುಳಿತರು. ಒಬ್ಬಾಕೆ ಚಿತ್ರಾನ್ನದ ಡಬ್ಬಿಯನ್ನೇ ಮುಂದೆ ಹಿಡಿದು, "ಒಸಿ ಆಕ್ರಮ್ಮ" ಅಂದಳು.

ಮಗಳು ನನ್ನ ಕಿವಿಯಲ್ಲಿ ಹೇಳಿದಳು. "ಅಮ್ಮ, ನೀನು ಸುಮ್ಮನಿದ್ದಿದ್ದರೆ ಮಧುಗಿರಿವರೆಗೂ ಮಲಗಿಕೊಂಡು ಬರಬಹುದಿತ್ತು."

ಪಾವಗಡದ ಫೋನು

ಮಾದರಿ ಕೊಟ್ಟ ಪಾವಗಡದ ಒಬ್ಬಾಕೆ ವಾರಕ್ಕೆರಡು ಸಲ ಮಗಳಿಗೆ ಫೋನ್ ಮಾಡುತ್ತಿದ್ದರು.

"ಮೇಡಮ್, ಮಾ ಪೆರುಗು ಪಾಸಾ?"

"ಮೊಸರಿಗೆ ಪಾಸು ಫೇಲು ಅಂತ ಇಲ್ಲಮ್ಮ, ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡ್ತೀವಿ ಅಷ್ಟೆ."

"ಅದ್ ಬಿಡಿ, ನಮ್ದು ಏನಾದ್ರೂ ಆಗ್ಲಿ. ಪಕ್ಕದ್ಮನೆಯೋರ್ದು ಫೇಲಾ?"

ನಾನು ಬಿದ್ದು ಬಿದ್ದು ನಕ್ಕೆ. ನನ್ನ ಸರದಿ ಬರುವವರೆಗೆ.

ನಮ್ಮ ಮನೆಯದು

ಫಲಿತಾಂಶ ಬಂದ ದಿನ ಮಗಳು ಲ್ಯಾಪ್‌ಟಾಪ್ ತೆರೆದು ನನ್ನನ್ನು ಕರೆದಳು.

"ಅಮ್ಮ, ನಮ್ಮ ಹೆಪ್ಪಿನ ಬ್ಯಾಕ್ಟೀರಿಯಾ ಇನ್ನೊಂದು ಕಡೆಯದಕ್ಕೆ ಪೂರ್ತಿ ಹೊಂದುತ್ತಿದೆ."

"ಯಾರ ಮನೆಯದಕ್ಕೆ?"

"ಮನೆಯಲ್ಲ. ಹೋಲಿಸಿ ನೋಡೋಣ ಅಂತ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಂದ ತಂದಿದ್ದೆನಲ್ಲ, ಅದಕ್ಕೆ."

ಆ ಹೋಟೆಲಿನ ಮೊಸರನ್ನು ನಾನು ಸುಣ್ಣದ ನೀರು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು.

"ಹಾಗಿದ್ದರೆ ಅವರೇ ನಮ್ಮದನ್ನು ತಗೊಂಡಿರಬೇಕು," ಅಂದೆ.

"ಅವರು ಯಾವಾಗಮ್ಮ ನಮ್ಮ ಅಡುಗೆಮನೆಗೆ ಬಂದಿದ್ದರು?"

ಅಷ್ಟು ಹೊತ್ತೂ ಪೇಪರಿನ ಹಿಂದೆ ಇದ್ದ ಯಜಮಾನರು ಅದನ್ನು ನಾಲ್ಕು ಮಡಿಕೆ ಮಾಡಿದರು.

"ನೀನು ತಂಗಿ ಮನೆ ಗೃಹಪ್ರವೇಶಕ್ಕೆ ಶಿರಾಕ್ಕೆ ಹೋಗಿದ್ದೆಯಲ್ಲ, ಆಗ ಅನ್ನಕ್ಕೆ ಕಲಸಿಕೊಂಡುಬಿಟ್ಟೆ. ಬಟ್ಟಲು ಖಾಲಿಯಾದ ಮೇಲೆ ಗೊತ್ತಾಯಿತು, ಅದೇ ಹೆಪ್ಪು ಅಂತ. ಹೋಟೆಲಿಂದ ಒಂದು ಲೋಟ ತಂದು ಹಾಕಿದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನು ಬರೆದುಕೊಳ್ಳುತ್ತೀಯಲ್ಲ, ಅದಕ್ಕೆ."

ನನ್ನಿಂದ ಮಗಳ ಕೆಲಸ ಹೋಯಿತು ಎಂದುಕೊಂಡೆ. ಅವಳು ಮಾತ್ರ ಎದ್ದು ನಿಂತಳು. "ಅಮ್ಮ, ಹೋಟೆಲಿಂದ ಬಂದ ದಿನ ಸರಿಯಾಗಿ ಗೊತ್ತಾದರೆ ಸಾಕು. ಆವತ್ತಿಂದ ಎರಡು ಕಡೆಯೂ ಅದು ಬದಲಾಗದೆ ಉಳಿದಿದೆ ಅಂತ ತೋರಿಸಬಹುದು. ಆ ನೋಟ್‌ಬುಕ್ ಎಲ್ಲಿ?"

ಆ ವರ್ಷದ್ದನ್ನು ಗೆದ್ದಲು ತಿಂದಿದೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಕೊನೆಗೆ ನಾನೇ ಬೀರು ತೆಗೆದು ಕೊಟ್ಟೆ. ಶಿರಾದಿಂದ ಬಂದ ದಿನದ ಪುಟ ಸಿಕ್ಕಿತು. ಮಗಳ ಕೆಲಸ ಇನ್ನೊಂದು ವರ್ಷ ಮುಂದುವರಿಯಿತು. ಆ ಪುಟದ ಫೋಟೋ ಈಗ ಅವಳ ವರದಿಯಲ್ಲಿದೆ. ನನ್ನ ಗುಂಡು ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದದ್ದು ಇಷ್ಟು:

'ಇಂದಿನ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಎಷ್ಟಾದರೂ ಅತ್ತೆಯವರ ಹೆಪ್ಪು. ಬಸ್ ಸ್ಟ್ಯಾಂಡ್ ಹೋಟೆಲಿನವರು ಬಂದು ಕಲಿಯಬೇಕು.'