ವಿಲ್ಫ್ ಅಂಟಿಸಿ ಹೋದ ಚೀಟಿ

ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಮೈಕನ್ನು ಎರಡು ಸಲ ತಟ್ಟಿ, "ಹಲೋ, ಟೆಸ್ಟಿಂಗ್, ಒನ್, ಟೂ" ಎಂದ ಮನುಷ್ಯ ಇಡೀ ಯಾರ್ಕ್‌ಷೈರಿನಲ್ಲಿ ನಾನೊಬ್ಬನೇ ಇರಬೇಕು. ಅಷ್ಟಕ್ಕೇ ನಿಲ್ಲಿಸಿದ್ದರೆ ಪಾದ್ರಿಗಳು ಕ್ಷಮಿಸುತ್ತಿದ್ದರೇನೋ. ಮೂವತ್ತೊಂದು ವರ್ಷದ ಅಭ್ಯಾಸ ನಾಲಿಗೆಯನ್ನು ಎಳೆದುಕೊಂಡು ಹೋಯಿತು. "ಎಲ್ಲರೂ ಮಜವಾಗಿದ್ದೀರಾ?" ಎಂದೂ ಕೇಳಿಬಿಟ್ಟೆ!

ಚರ್ಚಿಗೆ ಚರ್ಚೇ ಗಪ್‌ಚಿಪ್ಪಾಯಿತು. ಹಿಂದಿನ ಸಾಲಿನಿಂದ ಯಾರೋ ಒಬ್ಬ, ಅವನೂ ಪಾಪ ಅಭ್ಯಾಸಬಲದಿಂದಲೇ, "ಹೋ!" ಎಂದ. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಗ್ಲೆನಿಸ್ ಕಣ್ಣು ಮುಚ್ಚಿಕೊಂಡಳು. ಅದು ಪ್ರಾರ್ಥನೆಯಲ್ಲವೆಂದು ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ಗೊತ್ತು.

ಪೆಟ್ಟಿಗೆಯೊಳಗೆ ಮಲಗಿದ್ದವನು ವಿಲ್ಫ್ ಸಗ್ಡೆನ್. ವ್ಯಾನಿನಲ್ಲಿ ಸ್ಪೀಕರ್ ಹೇರಿಕೊಂಡು ಮದುವೆ, ಹುಟ್ಟುಹಬ್ಬ, ನಿವೃತ್ತಿ ಎಂದು ಊರೂರು ತಿರುಗಿ ಡಿಜೆ ಕೆಲಸ ಮಾಡಿದವರು ನಾವಿಬ್ಬರು. ಕೆಲಸದ ಹಂಚಿಕೆ ಸರಳವಾಗಿತ್ತು. ವೈರು, ಫ್ಯೂಸು, ಆಂಪ್ಲಿಫಯರ್ ಎಲ್ಲ ವಿಲ್ಫ್‌ನದು, ಮಾತು ನನ್ನದು. ಹೀಗಾಗಿ ಅವನು ಸತ್ತ ದಿನ ನಮ್ಮ ಸಂಸ್ಥೆಯ ಬುದ್ಧಿಯೆಲ್ಲ ಹೊರಟುಹೋಗಿ ಬಾಯೊಂದೇ ಉಳಿಯಿತು.

ಮಣ್ಣು ಮಾಡಿ ಬರುವಾಗ ವಿಲ್ಫ್‌ನ ಹೆಂಡತಿ ಥೆಲ್ಮಕ್ಕ ನನ್ನ ತೋಳು ಹಿಡಿದಳು. ಅವಳಿಗೆ ಒಂಬತ್ತು ವರ್ಷದಿಂದ ಎರಡೂ ಕಿವಿ ಒಂದಿಷ್ಟೂ ಕೇಳಿಸುವುದಿಲ್ಲ. ನಾವು ತುಟಿ ಆಡಿಸಿದ್ದನ್ನು ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಆದರೂ ಪ್ರತಿ ಕಾರ್ಯಕ್ರಮಕ್ಕೂ ವ್ಯಾನಿನಲ್ಲಿ ಬರುತ್ತಿದ್ದಳು. ಎಲ್ಲ ಮುಗಿದು, ನಾನು ಬಾಗಿಲಲ್ಲಿ ನಿಂತು ಜನರಿಗೆ ಗುಡ್‌ನೈಟ್ ಹೇಳುತ್ತಿದ್ದ ಹೊತ್ತಿಗೆ, ಅವಳು ಶೂ ಬಿಚ್ಚಿಟ್ಟು ಮರದ ನೆಲದ ನಡುವೆ ನಿಲ್ಲುತ್ತಿದ್ದಳು. ವಿಲ್ಫ್ ತಮ್ಮ ಮದುವೆಯ ದಿನ ಜೋಡಿಯಾಗಿ ಕುಣಿದ ವಾಲ್ಟ್ಸ್ ಹಾಡನ್ನು ಹಾಕುತ್ತಿದ್ದ. ಹಲಗೆಯಿಂದ ಅಂಗಾಲಿಗೆ ಬಂದ ತಾಳ ಹಿಡಿದು ಇಬ್ಬರೂ ಕುಣಿಯುತ್ತಿದ್ದರು.

"ನೆವಿಲ್, ಈಗ ಹಾಲ್‌ನಲ್ಲಿ ನಮ್ಮ ವಾಲ್ಟ್ಸ್ ಹಾಕ್ತೀಯಲ್ಲ?"

"ಹಾಕದೆ ಇರ್ತೀನಾ ಥೆಲ್ಮಕ್ಕ!"

"ಗುರುವಾರ ಸ್ಕಾರ್ಬರೋಗೆ ಹೋಗ್ತಿದೀನಿ, ತಂಗಿ ಮನೇಲೇ ಇರೋಕೆ. ಅಲ್ಲಿ ಸಿಮೆಂಟು ನೆಲ. ಮೇಲೆ ಇಷ್ಟು ದಪ್ಪ ಕಾರ್ಪೆಟ್." ಎರಡು ಬೆರಳಿನಲ್ಲಿ ದಪ್ಪ ತೋರಿಸಿದಳು. "ಅಲ್ಲಿ ಕಾಲಿಗೆ ಏನೂ ಬರಲ್ಲ ಕಣೋ. ಇವತ್ತೇ ಕೊನೆ."

ಇಂಥ ಹೊತ್ತಿನಲ್ಲಿ ಬೇರೆಯವರು ಅಳುತ್ತಾರೆ, ನಾನು ಕೊಚ್ಚಿಕೊಳ್ಳುತ್ತೇನೆ. ಅದೊಂದು ಕಾಯಿಲೆ.

"ಥೆಲ್ಮಕ್ಕ, ಇವತ್ತು ಆ ಹಾಲಿನ ಒಂದೊಂದು ಹಲಗೆಯನ್ನೂ ಕುಣಿಸದೇ ಇದ್ರೆ ನನ್ನ ಹೆಸರು ನೆವಿಲ್ ಆಕ್ರಾಯ್ಡ್ ಅಲ್ಲ!"

ವ್ಯಾನಿನಲ್ಲಿ ಗ್ಲೆನಿಸ್ ಸೀಟ್‌ಬೆಲ್ಟು ಹಾಕಿಕೊಳ್ಳುತ್ತ ಕೇಳಿದಳು: "ಹೆಸರು ಬದಲಾಯಿಸ್ಕೊಳ್ಳೋ ಅರ್ಜಿ ಎಲ್ಲಿ ಸಿಗುತ್ತೆ ಅಂತ ವಿಚಾರಿಸ್ಲಾ?"

ಊರಿನ ಸಮಾರಂಭದ ಹಾಲಿನಲ್ಲಿ ತಿಥಿಯೂಟದ ಏರ್ಪಾಡಾಗಿತ್ತು. ನಮ್ಮ ಕಡೆ ಹಂದಿಮಾಂಸದ ಸ್ಯಾಂಡ್‌ವಿಚ್ ಮತ್ತು ಹಬೆಯಾಡುವ ಚಹಾ ಇಲ್ಲದೆ ಯಾರನ್ನಾದರೂ ಮಣ್ಣು ಮಾಡಿದರೆ, ಸತ್ತವನು ಎದ್ದು ಬಂದು ಕೇಳುತ್ತಾನೆ. ಅಡುಗೆಮನೆಯಲ್ಲಿ ಚಹಾದ ನೀರಿನ ಕರೆಂಟು ಹಂಡೆ ಆಗಲೇ ಗುರುಗುಟ್ಟುತ್ತಿತ್ತು. ಡಿಸೆಂಬರಿನ ಮಧ್ಯಾಹ್ನ, ನಾಲ್ಕು ಗಂಟೆಗೆಲ್ಲ ಹೊರಗೆ ಬೆಳಕು ಸತ್ತಿತ್ತು.

ನನ್ನ ಶತ್ರು ಗೋಡೆಯ ಮೇಲಿದ್ದ. ಸದ್ದು ಅಳೆಯುವ ಒಂದು ಪೆಟ್ಟಿಗೆ. ಹಸಿರು ದೀಪವಿದ್ದರೆ ನೀವು ಸಜ್ಜನರು. ಹಳದಿಯಾದರೆ ನಿಮ್ಮ ಮೇಲೆ ಅನುಮಾನ. ಕೆಂಪು ಐದು ಸೆಕೆಂಡು ನಿಂತಿತೋ, ವೇದಿಕೆಯ ಪ್ಲಗ್ಗುಗಳಿಗೆಲ್ಲ ಕರೆಂಟ್ ಬಂದ್! ಸದ್ದಡಗಿದ ಮೇಲಷ್ಟೇ ವಾಪಸ್. ಪಕ್ಕದ ಕೋಳಿಸಾಕಣೆಯವನು, ನಮ್ಮ ಸದ್ದಿಗೆ ಕೋಳಿಗಳು ಮೊಟ್ಟೆಯಿಡುವುದನ್ನೇ ಬಿಟ್ಟಿವೆ ಎಂದು ದೂರು ಕೊಟ್ಟ ಮೇಲೆ ಹಾಕಿಸಿದ್ದು. ಹಾಲಿನ ಉಸ್ತುವಾರಿ ನೋಡುವ ಹೊರೇಸ್ ಬಿನ್ಸ್ ಎಂಬ ಮುದುಕನಿಗೆ ಅದು ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆ. ಬೆಳಿಗ್ಗೆ ಸಂಜೆ ಒರೆಸುತ್ತಾನೆ.

ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಆಳೆತ್ತರದ ಸ್ಟ್ಯಾಂಡಿನ ಮೇಲೆ ವೇದಿಕೆಯಲ್ಲಿ ಏರಿಸಿ ವಾಲ್ಟ್ಸ್ ಹಾಕಿದೆ. ಥೆಲ್ಮಕ್ಕ ಶೂ ಬಿಚ್ಚಿ ನೆಲದ ನಡುವೆ ನಿಂತಳು. ಕರಿ ಉಡುಪು, ಕಾಲುಚೀಲ, ಮುಚ್ಚಿದ ಕಣ್ಣು. ನಾಲ್ಕು ತಾಳ ಕಳೆಯಿತು. ಎಂಟು ಕಳೆಯಿತು. ಕಣ್ಣು ತೆರೆದು, ಕಾಲಿಗೆ ಏನೂ ಬರಲಿಲ್ಲವೆಂದು ತಲೆಯಾಡಿಸಿದಳು.

ಸದ್ದು ಏರಿಸಿದೆ. ಹಳದಿ. ಇನ್ನೂ ಏರಿಸಿದೆ. ಕೆಂಪು. ಟಪ್!

"ಹೇಳಿದ್ನಲ್ಲ!" ಎಂದ ಬಿನ್ಸ್. ಅವನೇನೂ ಹೇಳಿರಲಿಲ್ಲ.

"ಸತ್ತವರ ಮನೇಲೂ ನಿನ್ನ ಕಾನೂನೇನೋ ಬಿನ್ಸ್?"

"ಸತ್ತವರಿಗೆ ವಿನಾಯಿತಿ ಇದೆ. ಅವರು ಸದ್ದು ಮಾಡಲ್ಲ."

ನನ್ನ ರಕ್ತ ಕುದಿಯಿತು. ಬಲ ಬೇಕು, ಇನ್ನೂ ಬಲ! ಆಗ ನೆನಪಾಯಿತು. ಆಂಪ್ಲಿಫಯರಿನ ಬೆನ್ನಲ್ಲಿ ಒಂದು ಪುಟ್ಟ ಸ್ವಿಚ್ಚಿದೆ. ಸಾಮಾನ್ಯವಾಗಿ ಅದರ ಎರಡು ಬದಿ ಎರಡು ಸ್ಪೀಕರುಗಳನ್ನು ಬೇರೆಬೇರೆಯಾಗಿ ಎಳೆಯುತ್ತವೆ. ಆ ಸ್ವಿಚ್ಚು ಸರಿಸಿದರೆ ಎರಡೂ ಬದಿಯ ಬಲ ಒಂದಾಗುತ್ತದೆ. ಒಂದೇ ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ಬಯಲಿನ ಕಾರ್ಯಕ್ರಮಗಳಲ್ಲಿ ವಿಲ್ಫ್ ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ. ಕಣ್ಣಾರೆ ಎಂದರೆ, ಮೈಕು ಹಿಡಿದು ಮಾತಾಡುತ್ತ ಓರೆಗಣ್ಣಲ್ಲಿ.

"ನೆವಿಲ್, ಅದರ ಹಿಂದೆ ವಿಲ್ಫ್ ಏನೋ ಚೀಟಿ ಅಂಟಿಸಿದಾನೆ. ಓದು ಮೊದಲು."

"ಓದೋಕೆ ಇದೇನು ಪರೀಕ್ಷೆನಾ ಗ್ಲೆನಿಸ್? ಮೂವತ್ತೊಂದು ವರ್ಷದ ಅನುಭವ!"

"ಅನುಭವ ವಿಲ್ಫ್‌ದು. ನಿನ್ನದು ವಯಸ್ಸು."

ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಿಚ್ಚು ಸರಿಸಿದೆ. ಎರಡು ಎತ್ತಿನ ಬಲ ಸಿಕ್ಕಿದ ಮೇಲೆ ಒಂದೇ ಗಾಡಿ ಯಾಕೆ ಎಂದು ಎರಡೂ ಸ್ಪೀಕರುಗಳನ್ನು ಅದೇ ನೊಗಕ್ಕೆ ಬಿಗಿದೆ. ವೇದಿಕೆಯ ಪ್ಲಗ್ಗು ಗೋಡೆಯ ಮೇಲಿನ ಬಿನ್ಸ್‌ನ ಆ ಪೆಟ್ಟಿಗೆ-ಮಗನ ಹಿಡಿತದಲ್ಲಿತ್ತಲ್ಲ, ಅದಕ್ಕೆ ಅಡುಗೆಮನೆಯಿಂದ ಕರೆಂಟ್ ತರಲು ಎಕ್ಸ್‌ಟೆನ್ಶನ್ ವೈರಿನ ರಾಟೆ ಹಿಡಿದು ನಡೆದೆ. ಅದು ಈ ಸೀಮೆಯ ಡಿಜೆಗಳ ಪುರಾತನ ಕಳ್ಳದಾರಿ. ಖಾಲಿಯಿದ್ದ ಪ್ಲಗ್ಗು ಒಂದೇ, ಚಹಾದ ಹಂಡೆಯ ಪಕ್ಕದ್ದು. ಚುಚ್ಚಿದೆ. ವೇದಿಕೆ ಮುಟ್ಟುವಷ್ಟು ವೈರು ಎಳೆದು, ಉಳಿದದ್ದನ್ನು ರಾಟೆಯಲ್ಲೇ ಬಿಟ್ಟೆ.

ಗ್ಲೆನಿಸ್ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಹಿಂದೆಯೇ ಬಂದಳು. "ರಾಟೆ ಪೂರ್ತಿ ಬಿಚ್ಚು. ಸುತ್ತಿದ ವೈರು ಬಿಸಿಯಾಗುತ್ತೆ ಅಂತ ವಿಲ್ಫ್ ಬಡ್ಕೊಳ್ತಿದ್ದ."

"ಹಾಡು ಇರೋದೇ ಮೂರು ನಿಮಿಷ!"

"ಚಿತೆ ಹತ್ತಿಕೊಳ್ಳೋಕೆ ಅಷ್ಟು ಬೇಡ."

ವಾಲ್ಟ್ಸ್ ಮತ್ತೆ ಮೊದಲಾಯಿತು. ಅಬ್ಬಾ, ಅದೇನು ಆರ್ಭಟ! ಕಿಟಕಿಗಳು ನಡುಗಿದವು, ಬಸಿಗಳ ಮೇಲೆ ಚಮಚಗಳು ನಡುಗಿದವು, ಪಾದ್ರಿಗಳ ಕೈಯಲ್ಲಿದ್ದ ಕೇಕು ನಡುಗಿತು. ಬಿನ್ಸ್‌ನ ಪೆಟ್ಟಿಗೆ ಕೆಂಪಗೆ ಕೆಂಡವಾಗಿ ವೇದಿಕೆಯ ಕರೆಂಟ್ ಕತ್ತರಿಸಿತು, ಪಾಪ; ಕರೆಂಟ್ ಬರುತ್ತಿದ್ದುದು ಅಲ್ಲಿಂದಲ್ಲವಲ್ಲ! ನಾನು ಗೆದ್ದ ಸೇನಾಪತಿಯಂತೆ ಎದೆ ಸೆಟೆಸಿ ಥೆಲ್ಮಕ್ಕನತ್ತ ನೋಡಿದೆ.

ಅವಳು ಮತ್ತೆ ತಲೆಯಾಡಿಸಿದಳು. ಇಡೀ ಹಾಲಿನಲ್ಲಿ ನಡುಗದೆ ಇದ್ದದ್ದು ಅವಳ ಕಾಲಡಿಯ ಹಲಗೆಯೊಂದೇ.

ಇನ್ನೂ ಏರಿಸಿದೆ. ಸ್ವರ ಗೊರಗೊರ ಎಂದಿತು, ಮುದುಕನ ಗಂಟಲಿನಂತೆ. ಆಂಪ್ಲಿಫಯರಿನಿಂದ ಬಿಸಿಗಾಳಿ ಬಡಿಯಿತು. ಎತ್ತು ಎರಡು, ಗಾಡಿಯೂ ಎರಡು, ಏರು ಕಡಿದಾದದ್ದು. ಅಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ರಬ್ಬರಿನ ವಾಸನೆ. ಆಮೇಲೆ ಒಂದು "ಫಟ್!"

ಹಾಡು ಹೋಯಿತು. ದೀಪ ಹೋಯಿತು. ಹೀಟರು ಹೋಯಿತು. ಹಂಡೆಯ ಗುರುಗುರು ನಿಧಾನವಾಗಿ ಉಸಿರು ಬಿಟ್ಟಿತು. ಅರವತ್ತು ಮಂದಿ ಕತ್ತಲಲ್ಲಿ, ಖಾಲಿ ಲೋಟ ಹಿಡಿದು ನಿಂತರು.

ಆಗ ನನಗೆ ಹೊಳೆಯಿತು. ಕತ್ತಲಲ್ಲಿ ನಮಗೆ ಕಾಣುವುದಿಲ್ಲ, ಅಷ್ಟೆ. ಥೆಲ್ಮಕ್ಕನಿಗೆ ನಮ್ಮ ತುಟಿಯೂ ಕಾಣುವುದಿಲ್ಲ. ಗಂಡನನ್ನು ಹೂತು ಬಂದ ಹೆಂಗಸು, ಬರಿ ಕಾಲುಚೀಲದಲ್ಲಿ, ಲೋಕದ ಒಂದೇ ಒಂದು ತಂತು ಇಲ್ಲದೆ ಆ ನೆಲದ ಮೇಲೆ ನಿಂತಿದ್ದಾಳೆ. ನಿಲ್ಲಿಸಿದವನು ನಾನು.

"ಥೆಲ್ಮಕ್ಕ!" ಎಂದು ಕೂಗಿದೆ, ದಡ್ಡನ ಹಾಗೆ. ಅವಳತ್ತ ಓಡಿದೆ. ವೇದಿಕೆ ಎಲ್ಲಿ ಮುಗಿಯುತ್ತದೆಂದು ಕಾಣಲಿಲ್ಲ. ಒಂದು ಕ್ವಿಂಟಲಿಗೂ ಮಿಗಿಲಾದ ನೆವಿಲ್ ಆಕ್ರಾಯ್ಡ್, ಮೂರಡಿ ಎತ್ತರದಿಂದ, ಮರದ ನೆಲಕ್ಕೆ, ಧಡ್!

ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಹಲಗೆಗಳು ಗುಂಯ್ ಎಂದವು.

ಕತ್ತಲ ನಡುವಿನಿಂದ ಥೆಲ್ಮಕ್ಕನ ದನಿ ಬಂತು. ಬಹಳ ಮೆಲ್ಲಗೆ.

"ವಿಲ್ಫ್? ಬಂದ್ಯಾ?"

ಅರವತ್ತು ಮಂದಿಯಲ್ಲಿ ಒಬ್ಬರೂ ನಗಲಿಲ್ಲ. ನನಗಂತೂ ಮಂಡಿಯ ನೋವು ಆಗ ನೋವೆನ್ನಿಸಲಿಲ್ಲ.

ಟಾರ್ಚು ಹಿಡಿದು ಬಂದವಳು ಗ್ಲೆನಿಸ್. ಮೊದಲು ತನ್ನ ಮುಖಕ್ಕೆ ಬೆಳಕು ಬಿಟ್ಟುಕೊಂಡು, ಥೆಲ್ಮಕ್ಕನ ಎದುರು ನಿಂತು, ತುಟಿ ಬಿಡಿಸಿ ಹೇಳಿದಳು: "ಕರೆಂಟ್ ಹೋಗಿದೆ ಅಷ್ಟೆ. ನಾನಿದೀನಿ." ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಕೋಟು ಹೊದಿಸಿ, ನಂತರ ನನ್ನನ್ನು ದಾಟಿಕೊಂಡು ವೇದಿಕೆ ಹತ್ತಿದಳು. ಹೌದು, ದಾಟಿಕೊಂಡು. ಟಾರ್ಚನ್ನು ಆಂಪ್ಲಿಫಯರಿನ ಬೆನ್ನಿಗೆ ಹಿಡಿದು ವಿಲ್ಫ್‌ನ ಚೀಟಿಯನ್ನು ಜೋರಾಗಿ ಓದಿದಳು.

"'ಈ ಸ್ವಿಚ್ಚು ಸರಿಸಿದರೆ ಒಂದೇ ಸ್ಪೀಕರ್ ಹಾಕಬೇಕು. ಎರಡು ಹಾಕಿದರೆ ಸುಡುತ್ತದೆ. ನೆವಿಲ್, ನಿನಗೇ ಹೇಳುತ್ತಿರುವುದು.'"

ಕತ್ತಲಲ್ಲಿ ಬಿನ್ಸ್ ಕೆಮ್ಮಿದ. ಅದು ನಗುವಿನ ಕೆಮ್ಮು.

"ಕೆಳಗೆ ಇನ್ನೂ ಇದೆ," ಎಂದಳು ಗ್ಲೆನಿಸ್. ಈ ಸಲ ಅವಳ ದನಿ ಸ್ವಲ್ಪ ತಡವರಿಸಿತು. "'ಥೆಲ್ಮಾಳ ಹಾಡಿಗೆ ಬಲ ಬೇಕಿಲ್ಲ. ಸ್ವಿಚ್ಚು ಮುಟ್ಟಬೇಡ. ಒಂದು ಸ್ಪೀಕರನ್ನು ಸ್ಟ್ಯಾಂಡಿನಿಂದ ಇಳಿಸಿ, ಅವಳ ಹತ್ತಿರ ಹಲಗೆಯ ಮೇಲೆ ಬೋರಲು ಹಾಕು. ಸದ್ದು ಸಣ್ಣಗಿದ್ದರೆ ಸಾಕು. ನಾನಿಲ್ಲದಾಗ ನೀನೇ ಹಾಕಬೇಕಲ್ಲ.'"

ಒಂಬತ್ತು ವರ್ಷ ಅವನು ಅದನ್ನೇ ಮಾಡಿದ್ದ, ನನ್ನ ಬೆನ್ನ ಹಿಂದೆಯೇ. ನಾನು ಬಾಗಿಲಲ್ಲಿ ನಿಂತು ಗುಡ್‌ನೈಟ್ ಹೇಳುತ್ತಿದ್ದೆ.

ಬಿನ್ಸ್ ಕರಕಲಾದ ರಾಟೆಯನ್ನು ಕಿತ್ತು ಹೊರಗೆಸೆದು, ಮೇನ್ ಸ್ವಿಚ್ಚು ಎತ್ತಿದ. ದೀಪ ಬಂತು. ಹಂಡೆ ಮಾತ್ರ ಬರಲಿಲ್ಲ. ನಮ್ಮೂರಿನ ಇತಿಹಾಸದಲ್ಲಿ ಚಹಾ ಇಲ್ಲದೆ ಮುಗಿದ ಮೊದಲ ಸಾವು ಅದು, ಇದನ್ನು ನನ್ನ ಸಮಾಧಿಯ ಕಲ್ಲಿನ ಮೇಲೂ ಕೆತ್ತುತ್ತಾರೆ. ಆಂಪ್ಲಿಫಯರು ತಣ್ಣಗಾಗಲಿ ಎಂದು ಇಪ್ಪತ್ತು ನಿಮಿಷ ಕಾದೆವು, ಆಸ್ಪತ್ರೆಯ ಹೊರಗೆ ಕಾಯುವವರಂತೆ. ಬದುಕಿತ್ತು. ಸ್ವಿಚ್ಚನ್ನು ಇದ್ದ ಕಡೆಗೇ ಸರಿಸಿದೆ. ವೇದಿಕೆಯ ಪ್ಲಗ್ಗಿಗೇ ಚುಚ್ಚಿದೆ. ಬಿನ್ಸ್ ಮತ್ತು ನಾನು, ಕುಂಟುತ್ತ, ಒಂದು ಸ್ಪೀಕರನ್ನು ಇಳಿಸಿ ತಂದು ಥೆಲ್ಮಕ್ಕನ ಕಾಲ ಬಳಿ ಬೋರಲು ಮಲಗಿಸಿದೆವು. ಆ ದಿನ ಎರಡನೆಯ ಸಲ ಒಂದು ಪೆಟ್ಟಿಗೆಯನ್ನು ಅಷ್ಟು ಮೆಲ್ಲಗೆ ಇಳಿಸಿದೆ.

ವಾಲ್ಟ್ಸ್ ಸಣ್ಣಗೆ ಶುರುವಾಯಿತು. ಪಕ್ಕದವರ ಪಿಸುಮಾತು ಅದಕ್ಕಿಂತ ಜೋರಾಗಿತ್ತು. ಥೆಲ್ಮಕ್ಕನ ಕಾಲ್ಬೆರಳುಗಳು ಕಾಲುಚೀಲದೊಳಗೆ ಮಡಿಚಿಕೊಂಡವು. ಎದ್ದಳು. ಎಡಗೈಯನ್ನು ಒಂದು ಹೆಗಲಿನ ಎತ್ತರಕ್ಕೆ ಇಟ್ಟಳು, ಬಲಗೈಯನ್ನು ಇನ್ನೊಂದು ಕೈಯೊಳಗೆ ಕೊಟ್ಟಳು. ಹೆಗಲೂ ಇರಲಿಲ್ಲ, ಕೈಯೂ ಇರಲಿಲ್ಲ. ಒಂದು ತಾಳವೂ ತಪ್ಪದೆ ಮೂರು ನಿಮಿಷ ತಿರುಗಿದಳು. ಗೋಡೆಯ ಮೇಲಿನ ದೀಪ ಹಸಿರಾಗಿಯೇ ಇತ್ತು. ಬಿನ್ಸ್ ಟೋಪಿ ತೆಗೆದ.

ಹಾಡು ಮುಗಿದ ಮೇಲೆ ಅವಳು ಕೂತು ಶೂ ಹಾಕಿಕೊಂಡಳು. ನಾನು ಊತ ಇಳಿಯಲೆಂದು ಮಂಡಿಯ ಮೇಲೆ ಫ್ರಿಜ್ಜಿನ ಹೆಪ್ಪುಗಟ್ಟಿದ ಬಟಾಣಿಯ ಚೀಲ ಒತ್ತಿಕೊಂಡು ಅವಳ ಎದುರು ಕೂತೆ. ಎಷ್ಟಾದರೂ ಬಾಯಿಯ ಮನುಷ್ಯ, ಒಂದು ಮೆಚ್ಚುಗೆಯ ಮಾತು ಕೇಳದೆ ಹೋಗಲಾರೆ. ತುಟಿ ಬಿಡಿಸಿ ಕೇಳಿದೆ:

"ಥೆಲ್ಮಕ್ಕ, ಸಿಕ್ಕಿದ್ನಾ ವಿಲ್ಫ್?"

ಅವಳು ಲೇಸು ಬಿಗಿದು, ಗಂಟು ಹಾಕಿ, ನನ್ನ ಮಂಡಿಯನ್ನೊಮ್ಮೆ ನೋಡಿದಳು.

"ಸಿಕ್ಕಿದ. ಆದ್ರೆ ನೀನು ಬಿದ್ದಾಗ ಇನ್ನೂ ಚೆನ್ನಾಗಿ ಸಿಕ್ಕಿದ್ದ."