ಹುಳು ಮನೆಯಲ್ಲೊಂದು ವಾಸನೆ

ರಾಗಿ ಮುದ್ದೆಯನ್ನು ತಿನ್ನುವುದಕ್ಕಿಂತ ತಿನ್ನದೇ ಇರುವುದು ಕಷ್ಟ ಎಂಬುದು ಮಾಂಬಳ್ಳಿಯ ಶಾಂತರಾಜುವಿಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ತಿನ್ನಲು ಬಾಯೊಂದಿದ್ದರೆ ಸಾಕು. ತಿನ್ನದೇ ಇರಲು ಹೆಗಲ ಮೇಲೊಂದು ಟವಲು, ಹೆಂಡತಿ ಸಾರು ತರಲು ಒಳಗೆ ಹೋಗುವ ಒಂದು ಗಳಿಗೆ, ಕೊಟ್ಟಿಗೆಯಲ್ಲಿ ಗುಟ್ಟು ಕಾಪಾಡುವ ಒಂದು ಎಮ್ಮೆ, ಇಷ್ಟೂ ಬೇಕು.

ಎರಡು ವಾರದಿಂದ ಅವನ ಪಾಲಿನ ಮುದ್ದೆಯನ್ನೆಲ್ಲ ಎಮ್ಮೆಯೇ ಉಣ್ಣುತ್ತಿತ್ತು. ಕೊಳ್ಳೇಗಾಲದ ಡಾಕ್ಟರು ರಕ್ತದ ವರದಿ ನೋಡಿ, ಮಾತ್ರೆಗೆ ಸಕ್ಕರೆ ಬಗ್ಗುತ್ತಿಲ್ಲ, ಮುದ್ದೆ ಅನ್ನ ಕಡಿಮೆ ಮಾಡಿ, ಮುಂದಿನ ಪರೀಕ್ಷೆಯಲ್ಲೂ ಇಳಿಯದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದಿದ್ದರು. ಶಾಂತರಾಜುವಿಗೆ ಸೂಜಿ ಎಂದರೆ ಕಣ್ಣು ಕತ್ತಲಿಡುತ್ತದೆ. ಕೊರೊನಾ ಲಸಿಕೆಯ ದಿನ ಊರ ಶಾಲೆಯಲ್ಲಿ ಸೂಜಿ ಕಂಡದ್ದೇ ನರ್ಸಮ್ಮನ ಮೇಜನ್ನೂ ತಬ್ಬಿಕೊಂಡು ಉರುಳಿದ್ದನ್ನು ಮಾಂಬಳ್ಳಿ ಇನ್ನೂ ಮರೆತಿಲ್ಲ. ಹಾಗಾಗಿ ಡಾಕ್ಟರು ಕಡಿಮೆ ಮಾಡಿ ಎಂದದ್ದನ್ನು ಅವನು ಪೂರ್ತಿ ಬಿಟ್ಟೇಬಿಟ್ಟ. ಸೊಪ್ಪು, ಮೊಸರು, ಕಡಲೆಕಾಯಿ, ಸಂಜೆ ಸರ್ಕಲ್ಲಿನಲ್ಲಿ ದೇವಣ್ಣನ ಗಾಡಿಯ ಬೇಯಿಸಿದ ಮೊಟ್ಟೆ, ಇಷ್ಟರಲ್ಲೇ ಜೀವ ಹಿಡಿದುಕೊಂಡಿದ್ದ. ಪರೀಕ್ಷೆ ನಾಳೆ ಬೆಳಿಗ್ಗೆ. ಇನ್ನೊಂದು ದಿನ ದಾಟಿಸಿದರೆ ಸಾಕಿತ್ತು.

ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಹೆಂಡತಿ ರುದ್ರಾಣಿಗೆ ಗೊತ್ತಾಗುತ್ತದೆ, ರುದ್ರಾಣಿಗೆ ಗೊತ್ತಾದರೆ ಪಕ್ಕದ ಮನೆಯ ಶಿವನಂಜಮ್ಮನಿಗೆ, ಅವಳಿಗೆ ಗೊತ್ತಾದರೆ ಇಡೀ ಬೀದಿಗೆ. ಹೋದ ವರ್ಷ ಬರೀ ಕೆಮ್ಮಿಗೇ ಬೀದಿಯವರು ಹೇಳಿದ ಕಷಾಯಗಳನ್ನೆಲ್ಲ ಕುಡಿದು, ಕೆಮ್ಮು ಉಳಿದು ಹೊಟ್ಟೆ ಹೋಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೇಳಿಕೊಂಡೇ ನುಂಗುತ್ತಿದ್ದ.

ಬೆಳಿಗ್ಗೆ ಹುಳು ಮನೆಗೆ ಹಿಪ್ಪುನೇರಳೆ ಸೊಪ್ಪು ಹೊತ್ತುಕೊಂಡು ಹೋದ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲು ರಾತ್ರಿ ಮೇಯುವ ಹೊತ್ತು. ತಗಡಿನ ಮೇಲೆ ಸೋನೆ ಹಿಡಿದಂತೆ ಮನೆಯೆಲ್ಲ ಬರೀ ತಿನ್ನುವ ಸದ್ದು. ಖಾಲಿ ಹೊಟ್ಟೆಯ ಮನುಷ್ಯ ಆ ಸದ್ದನ್ನು ದಿನವಿಡೀ ಕೇಳುವುದೆಂದರೆ ಮದುವೆಯ ಊಟದ ಪಂಕ್ತಿಯಲ್ಲಿ ಬಾಯಿ ಕಟ್ಟಿ ಕೂರಿಸಿದಂತೆ. ಶಾಂತರಾಜು ಸೊಪ್ಪು ಹರಡುತ್ತ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರೇ ತಪ್ಪಾಯಿತು.

"ರೀ, ನಿಂತ್ಕಳಿ. ಏನೋ ವಾಸ್ನೆ ಬತ್ತದೆ," ಎಂದಳು ರುದ್ರಾಣಿ.

"ಸೊಪ್ಪಿಂದಿರ್ಬೇಕು."

"ಸೊಪ್ಪಿನ್ ವಾಸ್ನೆ ನಂಗೊತ್ತಿಲ್ವಾ? ಇದು ಬ್ಯಾರೆ."

ಹುಳು ಮನೆಯಲ್ಲಿ ವಾಸನೆ ಎಂದರೆ ಹುಡುಗಾಟವಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆಯ ಹೊಗೆ ಸುಳಿಯುವಂತಿಲ್ಲ, ಬೀಡಿ ಸೇದಿದವನು ಬಾಗಿಲ ಹತ್ತಿರ ನಿಲ್ಲುವಂತಿಲ್ಲ, ಮಲ್ಲಿಗೆ ಮುಡಿದವಳು ಅದನ್ನು ಹೊರಗೆ ಗೂಟಕ್ಕೆ ಸಿಕ್ಕಿಸಿಯೇ ಒಳಗೆ ಬರಬೇಕು. ಕಟು ವಾಸನೆ ತಾಗಿದರೆ ಹುಳು ತಲೆಯೆತ್ತಿ ಸೊಪ್ಪು ಬಿಡುತ್ತದೆ. ಹೋದ ಬೆಳೆ ಸಪ್ಪೆರೋಗಕ್ಕೆ ತಿಪ್ಪೆ ಸೇರಿತ್ತು. ಈ ಬೆಳೆ ಗೂಡು ಕಟ್ಟಲು ನಾಲ್ಕೇ ದಿನವಿತ್ತು.

ರುದ್ರಾಣಿ ಮೂಗರಳಿಸಿ ಮೂಲೆ ಮೂಲೆ ಸುತ್ತಿದಳು. "ಉಗುರ್ಗೆ ಬಳ್ಕತಾರಲ್ಲ ಬಣ್ಣ, ಅಂಗದೆ," ಎಂದು ಸೊಸೆ ಮೋನಿಕಾಳ ಕಡೆ ತಿರುಗಿದಳು.

ಹನೂರಿನ ಹುಡುಗಿ ಮೋನಿಕಾ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಬಾಗಿಲಲ್ಲಿ ಚೆಲ್ಲಿದ ಸುಣ್ಣದ ಪುಡಿಗೆ ಅಂಗಾಲು ಬಿರಿಯುತ್ತದೆಂದು ಕಾಲುಚೀಲ ಹಾಕಿಕೊಂಡೇ ಹುಳುವಿನ ಕೆಲಸ ಮಾಡುತ್ತಿದ್ದಳು. ಅವಳು ಎರಡೂ ಕೈ ಚಾಚಿದಳು. ಉಗುರುಗಳು ಬೋಳಾಗಿದ್ದವು.

"ಅಂಗಾದ್ರೆ ಇದೆಲ್ಲಿಂದ ಬಂತು?"

ಅಷ್ಟರಲ್ಲಿ ಶಿವನಂಜಮ್ಮ ಹೊಸ್ತಿಲಾಚೆ ಪ್ರತ್ಯಕ್ಷಳಾದಳು. ಹೊರಗಿನವರು ಒಳಗೆ ಬರುವಂತಿಲ್ಲ, ಹಾಗೆಂದು ಮೂಗಿಗೆ ಯಾರೂ ಹೊಸ್ತಿಲು ಕಟ್ಟಿಲ್ಲ. ಕತ್ತು ಚಾಚಿ, "ಕೊಳ್ತ್ ಅಲಸಿನಣ್ಣು ಕಣವ್ವ ರುದ್ರಾಣಿ! ಇಲಿ ಎಳ್ಕಬಂದು ಎಲ್ಲೋ ಮಡಗದೆ," ಎಂದು ತೀರ್ಪು ಕೊಟ್ಟಳು.

ಹಲಸಿನ ಹಣ್ಣಿನ ಹುಡುಕಾಟ ಶುರುವಾಯಿತು. ಶಾಂತರಾಜು ಹುಳುವಿನ ತಟ್ಟೆ ಜೋಡಿಸಿದ ಅಟ್ಟಣಿಗೆಯ ಕೆಳಗೆ ಬಗ್ಗಿದರೆ ಅಲ್ಲಿ ವಾಸನೆ, ಸೊಪ್ಪಿನ ರಾಶಿಯ ಹಿಂದೆ ಹೋದರೆ ಅಲ್ಲೂ ವಾಸನೆ. "ನೀವ್ ಓದ್ ಕಡೆನೇ ಸಿಕ್ತದೆ. ನಿಮ್ ಕೈಲಿ ಒಳ್ಳೆ ಗುಣ ಅದೆ, ಉಡುಕಿ ಉಡುಕಿ," ಎಂದು ರುದ್ರಾಣಿ ಹುರಿದುಂಬಿಸಿದಳು. ಹಸಿದ ಹೊಟ್ಟೆಯಲ್ಲಿ ಬಗ್ಗಿ ಬಗ್ಗಿ ಅವನ ಕಣ್ಣು ಮಂಜಾಯಿತು. ಬೆವರಿದಷ್ಟೂ ವಾಸನೆ ಗಟ್ಟಿಯಾಯಿತು. ಹುಳುಗಳು ಮಾತ್ರ ಇದ್ಯಾವುದೂ ತಮಗೆ ಸೇರಿದ್ದಲ್ಲ ಎಂಬಂತೆ ಮೇಯುತ್ತಲೇ ಇದ್ದವು.

"ಚನ್ನಬಸವ ಬಾಳೆಗೆ ಔಸ್ದಿ ವಡ್ದಿರ್ಬೇಕು, ನಮ್ ಸೊಪ್ಗೆ ತೂರ್ಕಂಡದೆ," ಎಂದು ರುದ್ರಾಣಿಗೆ ಹೊಸದಾಗಿ ಹೊಳೆಯಿತು. "ಓಗಿ, ಕೇಳ್ಕಬನ್ನಿ. ಮೆತ್ಗೆ ಕೇಳ್ಬ್ಯಾಡಿ."

ಶಾಂತರಾಜುವಿಗೆ ಮೆತ್ತಗೆ ಕೇಳುವುದಕ್ಕೂ ಶಕ್ತಿ ಇರಲಿಲ್ಲ. ಪಕ್ಕದ ಬಾಳೆ ತೋಟದಲ್ಲಿ ಚನ್ನಬಸವ ನೀರು ಕಟ್ಟುತ್ತಿದ್ದ.

"ಲೇ ಬಸವ, ಔಸ್ದಿ ಏನಾರಾ ವಡ್ದಾ?"

ಚನ್ನಬಸವ ಗುದ್ದಲಿ ನಿಲ್ಲಿಸಿ ಒಂದು ಹೆಜ್ಜೆ ಹತ್ತಿರ ಬಂದ. ಆಮೇಲೆ ಎರಡು ಹೆಜ್ಜೆ ಹಿಂದೆ ಹೋದ.

"ನಾನ್ ವಡ್ದು ಎಲ್ಡ್ ತಿಂಗ್ಳಾಯ್ತು. ನೀನ್ ಯಾವಾಗ್ ಆಕ್ದೆ? ಒತ್ತುಟ್ಟೋಕ್ ಮುಂಚೆನಾ?"

"ಏನ್ ಆಕ್ದೆ?"

"ಬುಡ್ಲಾ ಸಾಂತ. ದಿನಾ ಸಂಜೆ ದೇವಣ್ಣನ್ ಗಾಡೀಲಿ ನಿಂತ್ಕಂಡ್ ಮೊಟ್ಟೆ ತಿಂತಾನೆ ಅಂದ್ರು. ನಾನು ನಂಬ್ನಿಲ್ಲ."

"ಮೊಟ್ಟೆ ತಿಂದ್ರೆ ಏನ್ಲಾ ತಪ್ಪು?"

"ಬರೀ ಮೊಟ್ಟೆ ಯಾರ್ಲಾ ತಿಂತಾರೆ?" ಎಂದ ಚನ್ನಬಸವ ಮರುಕದಿಂದ. "ಮೈ ನೋಡು, ಒಣಗೋದ್ ಸೋರೆಬುರುಡೆ ಅಂಗಾಗದೆ. ಮನೆಗ್ ಸೊಸೆ ಬಂದವ್ಳೆ. ಈಗ್ ಕಲಿಯೋ ಚಟನಾ ಇದು?"

ಶಾಂತರಾಜು ಬದುವಿನ ಹೊಂಗೆ ಮರದ ಕೆಳಗೆ ಕೂತು, ತನ್ನ ಅಂಗೈಗೆ ತಾನೇ ಉಸಿರು ಬಿಟ್ಟು ಮೂಸಿ ನೋಡಿದ. ಏನೂ ಗೊತ್ತಾಗಲಿಲ್ಲ. ಕೊಳ್ಳೇಗಾಲದ ರಕ್ತ ಪರೀಕ್ಷೆ ಲ್ಯಾಬಿನ ಮಧುವಿಗೆ ಫೋನು ಮಾಡಿದ.

"ಹೌದಣ್ಣ, ಹಂಗಾಗತ್ತೆ," ಎಂದ ಮಧು. "ಅನ್ನ, ಮುದ್ದೆ ಸಿಗದೆ ಇದ್ರೆ ಮೈ ತನ್ನ ಕೊಬ್ಬನ್ನೇ ಉರಿಸ್ಕೊಳತ್ತೆ. ಅದರ ವಾಸನೆ ಉಸಿರಲ್ಲಿ, ಬೆವರಲ್ಲಿ ಆಚೆ ಬರತ್ತೆ. ಒಬ್ರಿಗೆ ಕೊಳೆತ ಹಣ್ಣಿನ ಥರ ಅನ್ಸತ್ತೆ, ಇನ್ನೊಬ್ರಿಗೆ ಉಗುರು ಬಣ್ಣ ಒರೆಸೋ ಔಷಧಿ ಥರ. ಕೆಲವು ವಾರದಲ್ಲಿ ತಾನೇ ಕಮ್ಮಿ ಆಗತ್ತೆ. ನೀರು ಚೆನ್ನಾಗಿ ಕುಡೀರಿ. ಆದ್ರೆ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಹಿಂಗೆ ಪೂರ್ತಿ ಬಿಡಬಾರ್ದು. ನಾಳೆ ಅವ್ರಿಗೆ ಹೇಳ್ಬಿಡಿ. ಇವತ್ತೊಂದಿನ ಜೋಪಾನ, ರಾತ್ರಿ ಏನಾದ್ರೂ ಬಾರಿಸಿಬಿಟ್ರೆ ಬೆಳಿಗ್ಗೆ ಲೆಕ್ಕ ಎಲ್ಲ ಉಲ್ಟಾ ಆಗ್ಬಿಡತ್ತೆ."

ಶಾಂತರಾಜು ಗಟ್ಟಿ ಮನಸ್ಸು ಮಾಡಿದ. ಇವತ್ತು ಹುಳು ಮನೆಯಿಂದ ದೂರ ಇರುವುದು, ಬಾಯಿ ಮುಚ್ಚಿಕೊಂಡಿರುವುದು, ನಾಳೆ ರಕ್ತ ಕೊಟ್ಟ ಮೇಲೆ ಎಲ್ಲ ಹೇಳುವುದು.

ಮನೆಗೆ ಬಂದರೆ ಜಗಲಿಯ ಮೇಲೆ ಮೋನಿಕಾಳ ಬ್ಯಾಗು. ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ಮೋನಿಕಾ. ರುದ್ರಾಣಿಯ ಕೈಯಲ್ಲಿ ಕೆಂಪು ಉಗುರು ಬಣ್ಣದ ಪುಟ್ಟ ಸೀಸೆ. ನಡುವೆ, ಎರಡೂ ಕಡೆ ಕಾಣುವ ಹಾಗೆ ಒಳ್ಳೆ ಜಾಗ ಹಿಡಿದು ಕೂತ ಶಿವನಂಜಮ್ಮ.

"ಇವ್ಳ್ ಪೆಟ್ಗೇಲಿ ಸಿಕ್ತು," ಎಂದಳು ರುದ್ರಾಣಿ.

"ಮದ್ವೇಲಿ ಯಾರೋ ಕೊಟ್ಟಿದ್ದು ಅಂತ ಏಳ್ದೆ ಮಾವ. ನಂಬದೆ ಇರೋ ಮನೇಲಿ ನಾನಿರಲ್ಲ. ಅನೂರ್ ಬಸ್ಸಿಗೆ ಓಯ್ತೀನಿ. ನಿಮ್ ಮಗ ಡ್ಯೂಟಿಯಿಂದ ಬಂದ್ರೆ ಏಳ್ಬುಡಿ."

"ಓಗ್ಲಿ ಬುಡಿ. ಹುಳ ಸತ್ರೆ ಇವ್ಳಪ್ಪ ತಂದ್ಕೊಟ್ಟಾನಾ?"

"ಅಪ್ಪನ್ ಇಸ್ಯ ಎತ್ಬ್ಯಾಡಿ ಅತ್ತೆ!"

ಮಾತು ಅಪ್ಪನವರೆಗೆ ಹೋದರೆ ಅದು ಹನೂರಿನಿಂದ ತಿರುಗಿ ಬರಲು ಆರು ತಿಂಗಳು ಬೇಕು ಎಂಬುದು ಶಾಂತರಾಜುವಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಚನ್ನಬಸವ ಗುದ್ದಲಿ ಸಮೇತ ಅಂಗಳಕ್ಕೆ ಬಂದು, "ರುದ್ರಾಣಕ್ಕ, ನಿನ್ ಗಂಡಂಗ್ ವಸಿ ಬುದ್ಧಿ ಏಳು. ಒತಾರೆನೇ ಕುಡ್ದವ್ನೆ," ಎಂದ.

ಶಾಂತರಾಜು ಸೊಸೆಯ ಬ್ಯಾಗನ್ನೊಮ್ಮೆ ನೋಡಿದ. ಇನ್ಸುಲಿನ್ ಸೂಜಿಯನ್ನೊಮ್ಮೆ ನೆನೆದ. ಜಗಲಿಯ ಮೇಲೆ ಕುಸಿದು ಕೂತ.

"ಆ ವಾಸ್ನೆ ನಂದು ಕಣೇ," ಎಂದ. "ನಂಗೆ ಸಕ್ರೆ ಕಾಯ್ಲೆ. ಅದ್ನೈದ್ ದಿನ್ದಿಂದ ರಾಗಿ ಇಟ್ಟು ಮುಟ್ಟಿಲ್ಲ. ಇಟ್ಟು ಬುಟ್ರೆ ಇಂಗೆ ವಾಸ್ನೆ ಬತ್ತದಂತೆ."

ಮೊದಲು ನಕ್ಕವಳು ಶಿವನಂಜಮ್ಮ. "ಇಟ್ಟು ಉಂಡ್ರೆ ವಾಸ್ನೆ ಬತ್ತದೆ ಅಂದ್ರೂ ನಂಬ್ಬೋದು. ಸೊಸೆ ಉಳ್ಸ್ಕಳಕೆ ಸುಳ್ಳೇಳ್ತಾವ್ನೆ."

ರುದ್ರಾಣಿ ನಗಲಿಲ್ಲ. "ದಿನಾ ನಾನೇ ಇಕ್ತಿದ್ನಲ್ಲ, ಅದೆಲ್ಲೋಯ್ತು?"

ಶಾಂತರಾಜು ತಲೆ ತಗ್ಗಿಸಿದ. "ಎಮ್ಮೆಗೆ ಆಕ್ದೆ."

"ಯಾವ್ ಎಮ್ಮೆಗೆ?"

"ನಮ್ಮೆಮ್ಮೆಗೆ."

"ಅಂಗಾದ್ರೆ ಎಮ್ಮೆನೇ ಕೇಳವ," ಎಂದ ಚನ್ನಬಸವ ಹೋಗಿ ಎಮ್ಮೆಯ ಹಗ್ಗ ಬಿಚ್ಚಿಬಿಟ್ಟ. ಮಧ್ಯಾಹ್ನದ ಊಟದ ಹೊತ್ತು. ಎಮ್ಮೆ ಹುಲ್ಲಿನ ಮೆದೆಯನ್ನು ನೋಡಲಿಲ್ಲ, ಬಾನಿಯ ನೀರನ್ನು ನೋಡಲಿಲ್ಲ. ಸಂಬಳದ ದಿನ ಬ್ಯಾಂಕಿಗೆ ಬಂದ ನೌಕರನಂತೆ ನೇರ ಶಾಂತರಾಜುವಿನ ಬಳಿಗೆ ನಡೆದು, ಹೆಗಲ ಮೇಲಿನ ಟವಲಿನೊಳಗೆ ಮೂತಿ ತೂರಿಸಿ ನೆಕ್ಕತೊಡಗಿತು. ಟವಲಿನಲ್ಲಿ ಏನೂ ಇಲ್ಲವೆಂದು ಗೊತ್ತಾದ ಮೇಲೆ ಅವನ ಮುಖವನ್ನೇ ನೋಡುತ್ತ ಒಮ್ಮೆ ಕೂಗಿತು.

ಸಾಕ್ಷಿ ಮುಗಿಯಿತು. ರುದ್ರಾಣಿ ಹತ್ತಿರ ಬಂದು ಗಂಡನ ಬಾಯಿ ಮೂಸಿದಳು. "ನಿಮ್ದೇ," ಎಂದಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅವಳ ಕಣ್ಣಲ್ಲಿ ನೀರಿತ್ತು. "ನಾನ್ ತೊಳ್ಸಿದ್ ಇಟ್ಟ ಎಮ್ಮೆಗೆ ಆಕಿ, ನೀವು ಉಪಾಸ ಬಿದ್ದಿದ್ರಾ? ಅದ್ಕೇಯಾ ಇಂಗೆ ಕೊಳೀತಾ ಇರಾದು?"

ಕೊಳೆಯುತ್ತಿಲ್ಲ, ಕೊಬ್ಬು ಉರಿಯುತ್ತಿದೆ ಎಂದು ಮಧು ಹೇಳಿದ್ದನ್ನು ವಿವರಿಸಲು ಅವನು ಬಾಯಿ ತೆರೆದ. ತೆರೆದ ಬಾಯಿಯ ವಾಸನೆಗೆ ಎಲ್ಲರೂ ಹಿಂದೆ ಸರಿದರು. ಪರೀಕ್ಷೆಯ ವಿಷಯ ಹೇಳಿದ. "ಮಾದಪ್ಪ ಅವ್ನೆ, ನಾಳೆದ ನಾಳೆ ನೋಡ್ಕಳವ," ಎಂದು ರುದ್ರಾಣಿ ಒಲೆ ಹೊತ್ತಿಸಿದಳು. ಅರ್ಧ ಗಂಟೆಯಲ್ಲಿ ಹೊಗೆಯಾಡುವ ಮುದ್ದೆ, ಉಪ್ಪೆಸರು ಬಂದವು. ಶಿವನಂಜಮ್ಮ, ಚನ್ನಬಸವ ಎದುರಿಗೇ ಕೂತರು. ಟವಲನ್ನು ರುದ್ರಾಣಿ ಮೊದಲೇ ಕಸಿದು ಗೂಟಕ್ಕೆ ಹಾಕಿದ್ದಳು.

ಮೊದಲ ತುತ್ತು ಗಂಟಲಲ್ಲಿ ಇಳಿದಾಗ ಶಾಂತರಾಜುವಿಗೆ ನಾಚಿಕೆಯಾಗುವಷ್ಟು ಸುಖವಾಯಿತು. ಎರಡನೇ ಮುದ್ದೆಯ ಹೊತ್ತಿಗೆ ಸೂಜಿ ಕಣ್ಣ ಮುಂದೆ ಬಂತು. ಆದರೂ ಉಂಡ. ಮೋನಿಕಾಳ ಬ್ಯಾಗು ಒಳಗೆ ಹೋಯಿತು. ಅದೊಂದು ಸಮಾಧಾನ.

ಸಂಜೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮೋನಿಕಾ ಬಂದು ಪಕ್ಕದಲ್ಲಿ ಕುಳಿತಳು. ಆಚೀಚೆ ನೋಡಿ, ಬಲಗಾಲಿನ ಕಾಲುಚೀಲ ಜಾರಿಸಿದಳು. ಐದೂ ಬೆರಳ ಉಗುರು ಕೆಂಪಗೆ ಹೊಳೆಯುತ್ತಿದ್ದವು.

"ಫ್ರೆಂಡ್ ನಿಶ್ಚಿತಾರ್ಥಕ್ಕೆ ಆಕಂಡಿದ್ದೆ ಮಾವ. ಕೈದು ನೆನ್ನೆ ರಾತ್ರಿ ಒರ್ಸ್ಕಂಡೆ. ಕಾಲಿಂದ ಒರ್ಸೋ ಅಷ್ಟ್ರಲ್ಲಿ ಬಣ್ಣ ತಗಿಯೋ ಔಸ್ದಿ ಬಾಟ್ಲಿ ಉರುಳೋಯ್ತು. ಚೆಲ್ಲಿದ್ದನ್ನ ಬಟ್ಟೇಲಿ ಒರ್ಸಿ, ಅತ್ತೆ ಬಂದ್ಬುಟ್ರು ಅಂತ ಹುಳಿನ್ ಮನೇಲಿ ಖಾಲಿ ತಟ್ಟೆ ಇಂದೆ ತುರುಕ್ಬುಟ್ಟೆ. ತಗಿಯಾಕೆ ಬೆಳಿಗ್ಗೆಯಿಂದ ಒಂದ್ ಗಳ್ಗೆ ಬುಟ್ಟಿಲ್ಲ. ನೀವ್ ಇಲ್ದೆ ಇದ್ರೆ ನಾನೀಗ ಅನೂರಲ್ಲಿರ್ತಿದ್ದೆ."

ಶಾಂತರಾಜು ಅವಳ ಉಗುರುಗಳನ್ನೇ ನೋಡಿದ. ಹೊಟ್ಟೆಯಲ್ಲಿದ್ದ ಎರಡು ಮುದ್ದೆಗಳು ಕಲ್ಲಾದವು.

"ಮತ್ತೆ ನನ್ ವಾಸ್ನೆ?"

"ನಿಮ್ದೂ ಇತ್ತು ಮಾವ," ಎಂದಳು ಸೊಸೆ ಗೌರವದಿಂದ. "ಒಳಗಿದ್ದುದ್ ಮಾತ್ರ ನಂದೇ ಜಾಸ್ತಿ."

ಆಗಲೇ ಹುಳು ಮನೆಯಿಂದ ರುದ್ರಾಣಿಯ ಕೂಗು ಕೇಳಿತು. "ರೀ! ವಾಸ್ನೆ ಇನ್ನೂ ಅದೆ ಕಣ್ರೀ!"

ಮೋನಿಕಾ ಕಾಲುಚೀಲ ಏರಿಸಿಕೊಂಡು ಮಾವನ ಮುಖ ನೋಡಿದಳು. ಶಾಂತರಾಜು ಮೆಲ್ಲಗೆ ಎದ್ದು, ಗೂಟದ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು ಹುಳು ಮನೆಗೆ ಹೋದ. ಖಾಲಿ ತಟ್ಟೆಗಳ ಹಿಂದೆ ಕೈಯಾಡಿಸಿ, ಸಿಕ್ಕಿದ ಬಟ್ಟೆಯನ್ನು ರೂಢಿಯಂತೆ ಟವಲಿನೊಳಗೆ ಸುತ್ತಿಕೊಂಡ. ಎರಡು ವಾರದ ಅಭ್ಯಾಸ, ರುದ್ರಾಣಿಗೆ ಗೊತ್ತಾಗಲಿಲ್ಲ.

"ನಂದೇ ಕಣೇ," ಎಂದ. "ಇನ್ನೂ ಪೂರ್ತಿ ಓಗಿಲ್ಲ ಅನ್ಸುತ್ತೆ."

"ಎಲ್ಡ್ ಇಟ್ಗೆ ಓಯ್ತದಾ? ಅದ್ನೈದ್ ದಿನದ್ದು! ನಡೀರಿ ಒಳಿಕೆ."

ಅಂದು ಸಂಜೆ ಅವನು ಇನ್ನೂ ಮೂರು ಮುದ್ದೆ ಉಂಡ. ಉಂಡೆದ್ದ ಮೇಲೆ ರುದ್ರಾಣಿ ಹುಳು ಮನೆಗೆ ಹೋಗಿ ಮೂಸಿ ಬಂದು ಸಂಭ್ರಮದಿಂದ, "ನೋಡಿದ್ರಾ? ವಸಿನೂ ಇಲ್ಲ! ಇನ್ಮೇಲೆ ಒತ್ತೊತ್ಗೂ ಮೂರ್ ಇಕ್ತೀನಿ, ನಾನ್ ಎದ್ರಿಗೇ ಕುಂತ್ಕತೀನಿ," ಎಂದಳು.

ಕೈ ತೊಳೆಯುವಾಗ ಫೋನು ಕಿಣಿಗುಟ್ಟಿತು. ಮಧು ಸಂದೇಶ ಕಳಿಸಿದ್ದ: ಅಣ್ಣ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ.

ಬಟ್ಟೆಯನ್ನು ತಿಪ್ಪೆಗೆ ಎಸೆಯಲೆಂದು ಶಾಂತರಾಜು ತೇಗುತ್ತ ಕೊಟ್ಟಿಗೆ ದಾಟಿದ. ಟವಲಿನ ಗಂಟು ಕಂಡು ಎಮ್ಮೆ ಆಸೆಯಿಂದ ಕತ್ತು ಚಾಚಿ ಮೂಸಿತು. ಒಂದೇ ಒಂದು ಸಲ ಸೀನಿ, ಅವನ ಕಡೆಯಿಂದ ಮುಖ ತಿರುಗಿಸಿಕೊಂಡಿತು.