ರಿವರ್ಸ್ ಗೇರೂ ನನ್ನ ಮಾತುಕತೆಯೂ

ಮಾತಿನಲ್ಲಿ ನನ್ನನ್ನು ಸೋಲಿಸುವವರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನಿಗೆ ಇಷ್ಟಾದರೂ ಜಂಬ ಇಲ್ಲದಿದ್ದರೆ ಮಕ್ಕಳು ಹುರಿದು ಮುಕ್ಕಿಬಿಡುತ್ತಾರೆ. ನನಗೆ ಬಲು ಪ್ರಿಯವಾದ ಕ್ರಿಯಾಪದ ‘ನೆಗೋಷಿಯೇಟ್’. ಸಂತೆಯಲ್ಲಿ ಬದನೆಕಾಯಿಗೆ ಜಗ್ಗಾಡುವುದಕ್ಕೆ ಇಂಗ್ಲಿಷಿನವರು ಬೇರೆ ಪದ ಇಟ್ಟುಕೊಂಡಿದ್ದಾರೆ. ಇದು ಇಸ್ತ್ರಿ ಮಾಡಿದ ಚೌಕಾಸಿ: ಎರಡೂ ಕಡೆಯವರು ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಒಂದು ಒಪ್ಪಂದಕ್ಕೆ ಬರುವುದು. ಅದೇ ಪದಕ್ಕೆ ಇನ್ನೊಂದು ಕೆಲಸವೂ ಇದೆ. ಇಕ್ಕಟ್ಟಾದ ತಿರುವನ್ನೋ ಸೇತುವೆಯನ್ನೋ ಗಾಡಿಯಲ್ಲಿ ಉಪಾಯವಾಗಿ ದಾಟಿಕೊಂಡರೂ ಅದು ನೆಗೋಷಿಯೇಟೇ. “ಸಾ, ಮಾತಾಡದೂ ದಾಟದೂ ಒಂದೇ ಎಂಗಾಯ್ತದೆ?” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಾಗ, “ಎರಡಕ್ಕೂ ತಾಳ್ಮೆ ಬೇಕಮ್ಮ” ಎಂದು ಠೀವಿಯಿಂದ ಉತ್ತರಿಸಿದ್ದೆ. ಆಗ ನಾನಿನ್ನೂ ಕಾರು ಕೊಂಡಿರಲಿಲ್ಲ.

ಕಾರನ್ನು ಮುಂದಕ್ಕೆ ಓಡಿಸುವ ವಿದ್ಯೆ ನನಗೆ ಸಲೀಸಾಗಿ ಒಲಿಯಿತು. ಹಿಂದಕ್ಕೆ ಓಡಿಸುವುದು ಮಾತ್ರ ಒಲಿಯಲೇ ಇಲ್ಲ. ರಿವರ್ಸ್ ಗೇರು ಹಾಕಿದೊಡನೆ ನನ್ನ ಎಡ ಬಲಗಳು ಅದಲುಬದಲಾಗುತ್ತವೆ. ಆದ್ದರಿಂದ ಹೋದಲ್ಲೆಲ್ಲ ಒಂದು ಸುತ್ತು ಹೊಡೆದು ಮುಂದಕ್ಕೇ ಹೊರಬರಬಹುದಾದ ಬಯಲು ಹುಡುಕಿ ನಿಲ್ಲಿಸುತ್ತೇನೆ. ಈ ಗುಟ್ಟು ಬಲ್ಲವಳು ನನ್ನ ಹೆಂಡತಿ ಭಾಗ್ಯ ಒಬ್ಬಳೇ.

ಮೊನ್ನೆ ಪಾಂಡವಪುರದ ಆಚೆ, ಅವಳ ತಮ್ಮ ಶಿವಣ್ಣನ ಮನೆಯಲ್ಲಿ ಬೀಗರೂಟ. ಮಗನ ಮದುವೆ ಮಾತುಕತೆಗೆ ಅಕ್ಕನನ್ನು ಕರೆಯಲಿಲ್ಲವೆಂದು ಇವಳು ಅವನೊಡನೆ ಮಾತು ಬಿಟ್ಟಿದ್ದಳು. ಮದುವೆಗೂ ಹೋಗಿ ಅಕ್ಷತೆ ಹಾಕಿ ಮುಖ ತಿರುಗಿಸಿಕೊಂಡು ಬಂದಿದ್ದೆವು. ಈಗ ಅವನೇ ಹೇಳಿಕಳಿಸಿದ್ದ: “ಮೊದಲ್ನೆ ಪಂಕ್ತಿಗೆ ಅಕ್ಕ ಬಂದು ಕೂತ್ಕಂಡ್ರೇನೇ ನಾನು ಎಲೆ ಮುಂದೆ ಕೂರೋದು.” ಭಾಗ್ಯ ನಸುಕಿಗೇ ಎದ್ದು ಸಿದ್ಧವಾಗಿದ್ದಳು. “ತಡವಾದ್ರೆ ಬೇಕೂಂತಲೇ ಬರ್ನಿಲ್ಲ ಅಂದ್ಕತಾನೆ. ಆಮ್ಯಾಕೆ ಈ ಜನ್ಮಕ್ಕೆ ಮಾತಿಲ್ಲ” ಎಂದಳು. ನಾನೂ ಸುಮ್ಮನಿರಲಿಲ್ಲ. ಅಕ್ಕ ತಮ್ಮಂದಿರನ್ನು ಒಂದು ಮಾಡಲು ಒಳ್ಳೆಯದೊಂದು ಭಾಷಣ ತಯಾರಿಸಿಕೊಂಡಿದ್ದೆ.

ನಾಲೆಯ ಸೇತುವೆಯ ನಟ್ಟನಡುವೆ ಎದುರಿಗೆ ಕಬ್ಬಿನ ಟ್ರಾಕ್ಟರು ಬಂತು, ಎರಡು ಟ್ರೈಲರ್ ಸಮೇತ. ಡ್ರೈವರ್ ನಯಾಜ್ ಎಂಬ ನಗುಮುಖದವನು. “ಸಾರ್, ಒಸಿ ಇಂದಕ್ಕೆ ತಗಳಿ. ಎರಡು ಟ್ರೈಲರ್ ಲೋಡವೆ” ಎಂದ. ಕಬ್ಬಿನ ಗಾಡಿ ಎದುರಾದರೆ ಖಾಲಿ ಗಾಡಿಯವನು ಹಿಂದೆ ಸರಿಯಬೇಕೆಂಬುದು ನಮ್ಮ ಕಡೆ ಎಮ್ಮೆಗೂ ಗೊತ್ತಿರುವ ನಿಯಮ. ನನಗೂ ಗೊತ್ತಿತ್ತು. ಆದರೆ ಹಿಂದೆ ಸರಿಯುವುದು ಹೇಗೆ? ಇಳಿದು ಮಾತುಕತೆಗೆ ನಿಂತೆ. ಸೇತುವೆಗೆ ಮೊದಲು ಬಂದವನು ನಾನು ಎಂದೆ. ರಸ್ತೆ ಎಲ್ಲರದು ಎಂದೆ. ಕೊನೆಗೆ ಉದಾರವಾಗಿ, “ನೀನು ಅರ್ಧ, ನಾನು ಅರ್ಧ ಹಿಂದೆ ಹೋಗೋಣ” ಎಂದೆ.

“ಅರೆ, ಅರ್ಧರ್ಧ ಓದ್ರೆ ಇಬ್ರೂ ಸೇತುವೆ ಮ್ಯಾಲೇ ಇರ್ತೀವಲ್ಲ ಸಾರ್!”

ಅಷ್ಟರಲ್ಲಿ ಬೈಕಿನವರು, ಹಾಲಿನ ಕ್ಯಾನಿನವರು ಎಲ್ಲ ಬಂದು ಸೇರಿದರು. “ಏನ್ಲಾ ಇದು, ಗಡಿ ತಕರಾರಾ?” ಎಂದು ಯಾರೋ ಕೇಳಿದರು. ನನಗೆ ಹುಮ್ಮಸ್ಸು ಬಂತು. ಸಭಿಕರು ಹೆಚ್ಚಿದಷ್ಟೂ ನನ್ನ ತರ್ಕಕ್ಕೆ ಮೊನಚು ಬರುತ್ತದೆ.

ಕಾರಿನ ಬಾಗಿಲು ತೆಗೆದ ಸದ್ದಾಯಿತು. ಭಾಗ್ಯ ಇಳಿದು ಬಂದಳು. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕೈಯಿಂದ ಕೀ ಕಸಿದು ನಯಾಜನ ಮುಂದೆ ಹಿಡಿದಳು.

“ನಮ್ಮೆಜಮಾನ್ರಿಗೆ ರಿವರ್ಸ್ ಬರಾಕಿಲ್ಲ ಕಣಪ್ಪ. ನೀನೇ ಒಸಿ ತೆಗ್ದುಕೊಡು. ತಮ್ಮನ ಮನೆ ಊಟಕ್ಕೆ ಒತ್ತಾಯ್ತದೆ.”

“ಅಯ್ಯೋ, ಇದ್ನ ಮೊದ್ಲೇ ಯೋಳಬಾರ್ದಾ ಅಕ್ಕಾ!” ಎಂದವನೇ ಕಾರನ್ನು ಹಿಂದಕ್ಕೆ ತೆಗೆದು ಬದಿಗೆ ನಿಲ್ಲಿಸಿದ. ಹೋಗುವಾಗ ಲೋಡಿನಿಂದ ಎರಡು ಜಲ್ಲೆ ಎಳೆದು, “ತಮ್ಮನ ಮನೇಗೆ ಬರಿಗೈಲಿ ಓಗ್ಬ್ಯಾಡಿ” ಎಂದು ಅವಳಿಗೆ ಕೊಟ್ಟ. ನನಗೆ ನಾಚಿಕೆಯಾಯಿತು.

ಶಿವಣ್ಣ ಬಾಗಿಲಲ್ಲೇ ನಿಂತಿದ್ದ. ಒಳಗೆ ಎಲೆ ಹಾಕಿದ್ದರು, ಬೀಗರು ಕೂತಿದ್ದರು, ಯಾರೂ ತುತ್ತು ಮುರಿದಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ಅವನು, “ಮುದ್ದೆ ಆರೋಯ್ತದೆ, ಬಾಕ್ಕ” ಎಂದ. ಇವಳು, “ಅಯ್, ಎಷ್ಟು ಸಣ್ಣಗಾಗಿದ್ದೀಯಲ್ಲೋ” ಎಂದು ಕಬ್ಬಿನ ಜಲ್ಲೆ ಅವನ ಕೈಗಿಟ್ಟಳು. ಇಬ್ಬರೂ ಅತ್ತರು. ಒಪ್ಪಂದ ಅಷ್ಟಕ್ಕೇ ಮುಗಿಯಿತು. ನನಗೆ ನಿಜವಾಗಿಯೂ ಸಂತೋಷವಾಯಿತು, ಭಾಷಣ ದಂಡವಾದ ಬೇಸರವನ್ನು ಬಿಟ್ಟರೆ.

ಸಂಜೆ ಹೊರಡಲು ಎದ್ದಾಗಲೇ ಕಾರು ನನ್ನ ಕಣ್ಣಿಗೆ ಬಿದ್ದದ್ದು. ಊಟದ ಅವಸರದಲ್ಲಿ ಕಾರನ್ನು ಓಣಿಯೊಳಕ್ಕೆ ಮೂತಿ ತೂರಿಸಿ ನಿಲ್ಲಿಸಿಬಿಟ್ಟಿದ್ದೆ. ಮುಂದೆ ಕೊಟ್ಟಿಗೆಯ ಗೋಡೆ. ಹಿಂದೆ ಜಗಲಿಯ ಮೇಲೆ ಬೀಗರೆಲ್ಲ ಎಲೆ ಅಡಿಕೆ ಹಾಕುತ್ತ, ಇಂಗ್ಲಿಷ್ ಮೇಷ್ಟ್ರನ್ನು ಬೀಳ್ಕೊಡಲು ಕಾದಿದ್ದರು.

ನಾನು ಧೈರ್ಯಗೆಡಲಿಲ್ಲ. ಶಿವಣ್ಣನ ಹೆಗಲ ಮೇಲೆ ಕೈಯಿಟ್ಟು, “ಇಷ್ಟು ದಿನದ ಮೇಲೆ ಅಕ್ಕ ತಮ್ಮ ಕೂಡಿದ್ದೀರಿ. ನಾವು ಇವತ್ತು ಇಲ್ಲೇ ಉಳಿಯೋದು” ಎಂದು ಘೋಷಿಸಿದೆ.

ಶಿವಣ್ಣ ನನ್ನನ್ನು ತಬ್ಬಿಕೊಂಡ. “ಭಾವ, ನಿಮ್ಮಂತೋರು ಇರೋದ್ಕೇ ಸಂಬಂಧ ಉಳ್ಕಂಡಿರೋದು” ಎಂದ. ಬೀಗರೂ ತಲೆದೂಗಿದರು.

ಭಾಗ್ಯ ಕಬ್ಬು ಸಿಗಿಯುತ್ತ ಒಮ್ಮೆ ಕಾರನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಪಕ್ಕಕ್ಕೆ ಬಂದು ಮೆಲ್ಲಗೆ, “ನಾಳೆ ಬೆಳಿಗ್ಗೆ ಏನ್ ಮಾಡ್ತೀರಿ?” ಎಂದಳು.

“ಇನ್ನೊಂದು ದಿನ ಇದ್ದರಾಯ್ತು ಬಿಡು” ಎಂದೆ.